ಇಳಿದು ಬರುವ ಪಾಠ, ಹತ್ತಲಾರದ ಪ್ರಶ್ನೆ

2020ರ ಮಾರ್ಚ್‌ನಲ್ಲಿ ನಾಲ್ಕು ದಿನ ಇದ್ದು ಹೋಗೋಣವೆಂದು ಊರಿಗೆ ಬಂದವನು ಐದು ತಿಂಗಳು ಅಲ್ಲೇ ಕೂತೆ. ಊರೆಂದರೆ ನೀಲಗಿರಿಯ ಕುಂದಾ ಸೀಮೆಯ ಒಂದು ಬಡಗರ ಹಟ್ಟಿ. ಮಂಜೂರಿನಿಂದ ಕೆಳಗೆ, ಚಹಾ ತೋಟಗಳ ನಡುವೆ ಎರಡು ಸಾಲು ಮನೆ. ಕೆಲಸ ಮೈಸೂರಿನ ಒಂದು ಕಾಲೇಜಿನಲ್ಲಿ, ಕನ್ನಡ ಮಾಧ್ಯಮದ ಬಿ.ಎ. ಮಕ್ಕಳಿಗೆ ಅರ್ಥಶಾಸ್ತ್ರ ಹೇಳುವುದು. ಲಾಕ್‌ಡೌನ್ ಬಂದು ಮೈಸೂರಿನ ದಾರಿಯ ಬಂಡೀಪುರದ ಗೇಟು ಮುಚ್ಚಿತು. ಏಪ್ರಿಲ್‌ನಲ್ಲಿ ಕಾಲೇಜಿನಿಂದ ವಾಟ್ಸಾಪ್ ಬಂತು: ಸೋಮವಾರದಿಂದ ಆನ್‌ಲೈನ್ ಪಾಠ, ಹಾಜರಿ ಕಡ್ಡಾಯ.

ನಮ್ಮ ಮನೆಯೊಳಗೆ ಸಿಗ್ನಲ್ ಎಂದರೆ ಕಿಟಕಿಯ ಸರಳಿಗೆ ಫೋನ್ ಒತ್ತಿ ಹಿಡಿದಾಗ ಬಂದು ಹೋಗುವ ಒಂದು ಕಡ್ಡಿ. ಮೇಲಿನ ರಸ್ತೆಯ ತಿರುವಿನಲ್ಲಿ, ಸಿಲ್ವರ್ ಓಕ್ ಮರಗಳ ಪಕ್ಕ ಒಂದು ಬಂಡೆಯಿದೆ. ಅಲ್ಲಿ ಎರಡು ಕಡ್ಡಿ. ಊಟಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅಣ್ಣನ ಮಗಳು ಆ ಜಾಗವನ್ನು ನನಗಿಂತ ಮೊದಲೇ ಹಿಡಿದಿದ್ದಳು. ಹೀಗೆ ಒಂದೇ ಬಂಡೆಯ ಆ ಮಗ್ಗುಲಲ್ಲಿ ಅವಳು ಪಾಠ ಕೇಳುತ್ತಿದ್ದಳು, ಈ ಮಗ್ಗುಲಲ್ಲಿ ನಾನು ಪಾಠ ಹೇಳುತ್ತಿದ್ದೆ. ಅವಳಿಗೆ ಮೇಷ್ಟ್ರ ದನಿ ಹೆಚ್ಚುಕಮ್ಮಿ ಸರಿಯಾಗಿಯೇ ಬರುತ್ತಿತ್ತು. ನನ್ನ ದನಿ ಮಾತ್ರ ಮೈಸೂರಿಗೆ ತುಂಡು ತುಂಡಾಗಿ ಹೋಗುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಯಾರಾದರೂ 'ಸರ್, ನಿಮ್ಮ ವಾಯ್ಸ್ ಕಟ್ ಆಗ್ತಿದೆ' ಅನ್ನುವರು. ಒಂದೇ ಟವರು, ಒಂದೇ ಕಂಪನಿ, ಒಂದೇ ಬಂಡೆ. ಇದೇನು ಪಕ್ಷಪಾತ ಎಂದು ಗೊಣಗಿದರೆ ಅವಳು ನಕ್ಕಳು. 'ಚಿಕ್ಕಪ್ಪ, ನನಗೂ ಅದೇ ಕಥೆ. ಮೇಷ್ಟ್ರು ಹೇಳಿದ್ದು ಬರುತ್ತೆ. ನಾನು ಕೇಳಿದ್ದು ಅವರಿಗೆ ಹೋಗಲ್ಲ. ಅದಕ್ಕೇ ಕೇಳೋದೇ ಬಿಟ್ಟೆ.'

ಅವಳು ಹೇಳಿದ್ದು ಬಡಗದಲ್ಲಿ. ಕನ್ನಡಕ್ಕೆ ತರಲು ಹೆಚ್ಚು ಶ್ರಮ ಬೇಕಾಗಲಿಲ್ಲ. 2011ರ ಜನಗಣತಿಯೂ ಬಡಗವನ್ನಾಡುವ 1.33 ಲಕ್ಷ ಜನರನ್ನು ಕನ್ನಡದ ಕೆಳಗೇ ಎಣಿಸಿದೆ. (ಅದು ಸರಿಯೇ ಎಂಬ ಜಗಳ ನಮ್ಮ ಬೆಟ್ಟದಲ್ಲಿ ಇನ್ನೂ ಮುಗಿದಿಲ್ಲ, ಇಲ್ಲಿ ಎತ್ತುವುದು ಬೇಡ.) ವಿಡಿಯೊ ಕಾನ್ಫರೆನ್ಸ್ ಮೂಲಕ ಕಾಲೇಜು ಪಾಠ ಹೇಳುವ ವಿಚಾರದಲ್ಲಿ ಆಮೇಲೆ ನಾನು ಓದಿದ ವರದಿ, ಸುತ್ತೋಲೆ, ಅಧ್ಯಯನಗಳೆಲ್ಲ ಅವಳ ಆ ಕೊನೆಯ ಮೂರು ವಾಕ್ಯಗಳ ಸುತ್ತಲೇ ಸುತ್ತುತ್ತಿವೆ ಅನ್ನಿಸುತ್ತದೆ.

ಪಕ್ಷಪಾತಕ್ಕೆ ಕಾರಣ ಸರಳ. ಟವರು ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. ನಮ್ಮ ಕೈಯ ಫೋನು ಕೂಗಿ ಹೇಳಬಹುದಾದದ್ದು ಹೆಚ್ಚೆಂದರೆ ಒಂದು ವ್ಯಾಟ್‌ನ ಐದನೇ ಒಂದು ಭಾಗದಲ್ಲಿ. ಟವರಿನ ಹತ್ತಿರ ಇದ್ದವರಿಗೆ ಈ ಅಂತರ ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿದ್ದವರಿಗೆ, ಅದರಲ್ಲೂ ನಡುವೆ ಒಂದು ಗುಡ್ಡ ಅಡ್ಡ ಬಂದವರಿಗೆ, ಅಲ್ಲಿಂದ ಬರುವುದು ಬರುತ್ತದೆ, ಇಲ್ಲಿಂದ ಹೋಗುವುದು ಹೋಗುವುದಿಲ್ಲ. ಪಾಠ ಇಳಿಯುತ್ತದೆ, ಪ್ರಶ್ನೆ ಹತ್ತುವುದಿಲ್ಲ. ಸಿನಿಮಾ ನೋಡುವವರಿಗೆ ಇದರಿಂದ ನಷ್ಟವಿಲ್ಲ. ತರಗತಿಗೆ ಇದೆ.

ಇದು ಹೊಸ ತೊಂದರೆಯೇನಲ್ಲ. ದೂರದಿಂದ ಕಲಿಸುವ ಆಸೆ ನಮ್ಮಲ್ಲಿ ಹಳೆಯದು. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತ್ತು. ಅದೇ ಬೆಳೆದು 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ದೇಶವ್ಯಾಪಿ ಟಿ.ವಿ. ತರಗತಿ 1984ರ ಆಗಸ್ಟ್ 15ರಂದು ಬಂತು. 2004ರ ಸೆಪ್ಟೆಂಬರ್ 20ರಂದು ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಉಪಗ್ರಹ ಮೇಲೇರುವ ಮೊದಲೇ ಇನ್‌ಸ್ಯಾಟ್-3ಬಿ ಬಳಸಿ ಪ್ರಯೋಗಕ್ಕಿಳಿದವುಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಒಂದು. ನಮ್ಮ ಬೆಟ್ಟದ ಬುಡದಲ್ಲೇ ಇರುವ ಚಾಮರಾಜನಗರ ಜಿಲ್ಲೆಯಲ್ಲಿ ಎಂಟುನೂರಕ್ಕೂ ಹೆಚ್ಚು ಸರಕಾರಿ ಪ್ರಾಥಮಿಕ ಶಾಲೆಗಳ ಮಾಡಿನ ಮೇಲೆ ಎಜುಸ್ಯಾಟ್ ಡಿಷ್ ಕೂತಿತು. ಅಂಚೆಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ತಿಂಗಳಿಗೆ ಬರುತ್ತಿತ್ತು, ಟಿ.ವಿ.ಗೆ ಕೇಳುವಂತೆಯೇ ಇರಲಿಲ್ಲ. ಇವುಗಳ ಮುಂದೆ ವಿಡಿಯೊ ಕಾನ್ಫರೆನ್ಸ್ ತಂದ ದೊಡ್ಡ ಭರವಸೆಯೆಂದರೆ ಮರುಮಾತು. ಮೇಷ್ಟ್ರು ಹೇಳುತ್ತಿದ್ದಂತೆ ಹುಡುಗಿ ತಡೆದು ಕೇಳಬಹುದು. ಅದು ನಡೆಯದಿದ್ದರೆ ಈ ತಂತ್ರಾಂಶ ದುಬಾರಿ ಟಿ.ವಿ. ಅಷ್ಟೇ.

ಆ ವರ್ಷ ಎಲ್ಲರ ಬಾಯಲ್ಲಿದ್ದ ಹೆಸರು ಝೂಮ್. ವೆಬೆಕ್ಸ್ ಬಿಟ್ಟು ಬಂದ ಎರಿಕ್ ಯುವಾನ್ 2011ರಲ್ಲಿ ಕಟ್ಟಿದ ಕಂಪನಿ. ಮಾಡಿದ್ದು ಆಫೀಸಿನ ಮೀಟಿಂಗಿಗೆ, ತರಗತಿಗಲ್ಲ. 2019ರ ಡಿಸೆಂಬರ್‌ನಲ್ಲಿ ದಿನಕ್ಕೆ ಒಂದು ಕೋಟಿಯಿದ್ದ ಬಳಕೆ 2020ರ ಮಾರ್ಚ್‌ಗೆ ಇಪ್ಪತ್ತು ಕೋಟಿ ದಾಟಿತೆಂದು ಕಂಪನಿಯೇ ಹೇಳಿಕೊಂಡಿತು. ಏಪ್ರಿಲ್ 16ರಂದು ನಮ್ಮ ಗೃಹ ಇಲಾಖೆ 'ಇದು ಸುರಕ್ಷಿತವಲ್ಲ, ಸರಕಾರಿ ಕೆಲಸಕ್ಕೆ ಬೇಡ' ಎಂದು ಎಚ್ಚರಿಸಿತು. ಅದೇ ತಿಂಗಳ ಕೊನೆಗೆ ಗೂಗಲ್ ತನ್ನ ಮೀಟ್ ಅನ್ನು ಎಲ್ಲರಿಗೂ ಬಿಟ್ಟಿ ಮಾಡಿತು. ಝೂಮ್‌ನ ಬಿಟ್ಟಿ ಖಾತೆಯಲ್ಲಿ ಗುಂಪು ಕರೆಗೆ ನಲವತ್ತು ನಿಮಿಷದ ಮಿತಿ. ನಮ್ಮದು ಒಂದು ಗಂಟೆಯ ಪೀರಿಯಡ್ಡು. ನಲವತ್ತನೇ ನಿಮಿಷಕ್ಕೆ ಅರ್ಧ ವಾಕ್ಯದಲ್ಲೇ ಬಾಗಿಲು ಬಡಿದುಕೊಳ್ಳುತ್ತಿತ್ತು. ಎರಡನೇ ಲಿಂಕ್ ಕಳಿಸಿದರೆ ಮರಳಿ ಬರುವವರು ಮುಕ್ಕಾಲು ಭಾಗವೂ ಇಲ್ಲ. ಆ ನಲವತ್ತರಲ್ಲೂ ಮೊದಲ ಹನ್ನೆರಡು ನಿಮಿಷ ಹಾಜರಿಗೆ. ಹೆಸರು ಕರೆಯಬೇಕು, ಅವರು ಮ್ಯೂಟ್ ತೆಗೆಯಬೇಕು, 'ಪ್ರೆಸೆಂಟ್ ಸರ್' ಬರುವ ಹೊತ್ತಿಗೆ ನಾನು ಮುಂದಿನ ಹೆಸರು ಕರೆದಾಗಿರುತ್ತಿತ್ತು.

ಕಾಲೇಜಿಗೆಂದೇ ಮಾಡಿದ ತಂತ್ರಾಂಶವೂ ಇಲ್ಲದಿರಲಿಲ್ಲ. ಬಿಗ್‌ಬ್ಲೂಬಟನ್ ಎಂಬ ಮುಕ್ತ ತಂತ್ರಾಂಶ 2007ರಲ್ಲಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಬೋರ್ಡು, ಕೈಯೆತ್ತುವುದು, ಸಣ್ಣ ಗುಂಪುಗಳಾಗಿ ಒಡೆಯುವುದು ಎಲ್ಲ ಪಾಠದ ಲೆಕ್ಕದಲ್ಲೇ ಇದೆ. ಆದರೆ ಅದನ್ನು ಸ್ವಂತ ಸರ್ವರ್ ಮೇಲೆ ನಡೆಸಬೇಕು, ನಡೆಸಲು ಗೊತ್ತಿರುವವರು ಬೇಕು. ನಮ್ಮ ಕಾಲೇಜಿನಲ್ಲಿ ಆ ಕೆಲಸ ಗೊತ್ತಿದ್ದವರು ಅತಿಥಿ ಉಪನ್ಯಾಸಕರೊಬ್ಬರು. ಲಾಕ್‌ಡೌನಿನಲ್ಲಿ ಮೊದಲು ಸಂಬಳ ನಿಂತದ್ದೂ ಅವರದ್ದೇ.

ಕೆನಡಾ ಎಂದೊಡನೆ ಕುಂದಾದವರಿಗೆ ನೆನಪಾಗುವುದು ಬೇರೆಯದೇ. ಕೊಲಂಬೊ ಯೋಜನೆಯಡಿ ಕೆನಡಾದ ನೆರವಿನಲ್ಲಿ ಕಟ್ಟಿದ ಕುಂದಾ ಜಲವಿದ್ಯುತ್ ಯೋಜನೆಯ ಮೊದಲ ಪವರ್‌ಹೌಸ್ 1960ರಲ್ಲಿ ತಿರುಗಿತು. ಅವಲಾಂಚೆ, ಎಮರಾಲ್ಡ್, ಅಪ್ಪರ್ ಭವಾನಿಯ ನೀರು ಒಂದಾದ ಮೇಲೊಂದು ಟರ್ಬೈನಿಗೆ ಬಿದ್ದು ಗೆದ್ದೆ, ಪಿಲ್ಲೂರಿನವರೆಗೆ ಇಳಿಯುತ್ತದೆ. ಕರೆಂಟು ತಂತಿ ಹಿಡಿದು ಬಯಲಿಗೆ ಹೋಗುತ್ತದೆ. ಇಲ್ಲಿಂದ ಕೆಳಗೆ ಸಾಗಿಸಬೇಕಾದದ್ದಕ್ಕೆ ಅರವತ್ತು ವರ್ಷಗಳ ಹಿಂದೆಯೇ ದಾರಿಯಾಗಿತ್ತು. ಒಬ್ಬ ಹುಡುಗಿಯ ಪ್ರಶ್ನೆ ಸಾಗಲು ಮಾತ್ರ ದಾರಿಯಿರಲಿಲ್ಲ. ಮಳೆಗಾಲದಲ್ಲಂತೂ ನಗು ಬರುವ ಸ್ಥಿತಿ. 2019ರ ಆಗಸ್ಟ್ 8ಕ್ಕೆ ಮುಗಿದ ಒಂದೇ ದಿನದಲ್ಲಿ ಅವಲಾಂಚೆಯಲ್ಲಿ 82 ಸೆಂ.ಮೀ. ಮಳೆ ಸುರಿದದ್ದು ಎಲ್ಲರಿಗೂ ಗೊತ್ತು. ಮರುವರ್ಷದ ಆಗಸ್ಟಿನಲ್ಲೂ ಕಡಿಮೆಯೇನಿರಲಿಲ್ಲ. ಮರ ಬಿದ್ದು ತಂತಿ ಹರಿಯುತ್ತದೆ, ಟವರಿನ ಬ್ಯಾಟರಿ ಕೆಲವು ಗಂಟೆ ತಡೆದು ಸುಮ್ಮನಾಗುತ್ತದೆ. ಡ್ಯಾಮು ತುಂಬಿ ತುಳುಕುವ ದಿನವೇ ಹಟ್ಟಿಯಲ್ಲಿ ಫೋನ್ ಚಾರ್ಜ್ ಇರುವುದಿಲ್ಲ.

ಸರಕಾರಗಳು ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. ತಮಿಳುನಾಡು 2011ರಿಂದ ಹಂಚುತ್ತ ಬಂದ ಉಚಿತ ಲ್ಯಾಪ್‌ಟಾಪ್ ಆ ವರ್ಷ ನಿಜಕ್ಕೂ ಕೈ ಹಿಡಿಯಿತು. ನಮ್ಮ ಹಟ್ಟಿಯಲ್ಲೇ ಮೂರಿದ್ದವು, ಒಂದರ ಕೀಲಿಮಣೆಯಲ್ಲಿ ಎರಡು ಅಕ್ಷರ ಇರಲಿಲ್ಲ, ಆದರೂ ನಡೆಯಿತು. ಅದೇ ಸರಕಾರ 2021ರ ಜನವರಿಯಿಂದ ಏಪ್ರಿಲ್‌ವರೆಗೆ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿ.ಬಿ. ಡೇಟಾ ಉಚಿತವೆಂದು ಸಾರಿತು. ಲೆಕ್ಕ ಸುಮಾರು 9.69 ಲಕ್ಷ ಮಂದಿ. ಕರ್ನಾಟಕ ಅದೇ ವರ್ಷ ಜೂನ್‌ನಲ್ಲಿ ಸರಕಾರಿ ಕಾಲೇಜುಗಳ ಮಕ್ಕಳಿಗೆ ಟ್ಯಾಬ್ಲೆಟ್ ಕೊಡಲು ಶುರು ಮಾಡಿತು. ಲೆಕ್ಕ ಹಾಕಿ ನೋಡಿದರೆ 2 ಜಿ.ಬಿ. ಎನ್ನುವುದು ಬೇಕಾಬಿಟ್ಟಿ ಸಂಖ್ಯೆಯಲ್ಲ. ಸೆಕೆಂಡಿಗೆ ಒಂದು ಮೆಗಾಬಿಟ್ ಹರಿಯುವ ವಿಡಿಯೊ ಗಂಟೆಗೆ 450 ಎಂ.ಬಿ. ತಿನ್ನುತ್ತದೆ, ನಾಲ್ಕು ಪೀರಿಯಡ್ಡಿಗೆ ಸಾಕು. ಅದೇ ಪಾಠ ಬರೀ ದನಿಯಾದರೆ, ಸೆಕೆಂಡಿಗೆ 80 ಕಿಲೋಬಿಟ್ ಎಂದರೂ, ಗಂಟೆಗೆ 36 ಎಂ.ಬಿ. ಸಿಮ್ ಬಂತು, ಡೇಟಾ ತುಂಬಿತು. ಕೊಡ ಸಿಕ್ಕಿತು, ನಲ್ಲಿ ಸಿಗಲಿಲ್ಲ. ಆ ಹೊತ್ತಿಗೆ ಮಲೆನಾಡಿನ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಎಂಬ ಬೋರ್ಡು ಏಳುತ್ತಿತ್ತು. ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಸುತ್ತಿತು. ನೋಡಿದವರು ಅಪ್ಪನ ಪ್ರೀತಿ ಮೆಚ್ಚಿ ಕಣ್ಣೊರೆಸಿಕೊಂಡರು, ಟವರಿನ ಮಾತು ಹಿಂದೆ ಸರಿಯಿತು. ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟದ್ದು 2022ರ ಜುಲೈನಲ್ಲಿ. ಅಷ್ಟರಲ್ಲಿ ಕಾಲೇಜುಗಳು ತೆರೆದು ವರ್ಷ ಆಗುತ್ತ ಬಂದಿತ್ತು.

ಇಷ್ಟು ಹೇಳಿದರೆ 'ನೆಟ್‌ವರ್ಕ್ ಸರಿಯಾದರೆ ಎಲ್ಲ ಸರಿ' ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಆ ನಂಬಿಕೆ ಅಲುಗಿಸಿದ್ದು ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಒಂದು ಪ್ರಯೋಗ. ನನ್ನದೇ ವಿಷಯ, ಅರ್ಥಶಾಸ್ತ್ರದ ಮೊದಲ ಪೇಪರ್. 2020ರ ಶರತ್ಕಾಲದ ಸೆಮಿಸ್ಟರಿನಲ್ಲಿ 551 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು; ಒಂದು ಪಾಲು ಕೋಣೆಯಲ್ಲಿ, ಇನ್ನೊಂದು ಆನ್‌ಲೈನ್. ಪಾಠ ಹೇಳಿದವರು ಅವರೇ, ಪರೀಕ್ಷೆ ಅದೇ. ಅಲ್ಲಿ ಕಂಪ್ಯೂಟರಿಗೂ ನೆಟ್‌ಗೂ ಬರವಿಲ್ಲ, ಹೊಟ್ಟೆಪಾಡಿನ ಚಿಂತೆಯೂ ಇಲ್ಲ. ಆದರೂ ಆನ್‌ಲೈನಿನವರ ಅಂತಿಮ ಅಂಕ ಮಾನಕ ವಿಚಲನೆಯ ಐದನೇ ಒಂದು ಭಾಗದಷ್ಟು ಕೆಳಗಿತ್ತು, ಮೊದಲೇ ಓದಿನಲ್ಲಿ ಹಿಂದಿದ್ದವರು ಹೆಚ್ಚು ಕೆಳಗಿದ್ದರು. ಕೇಳಿದಾಗ ಅವರು ಹೇಳಿದ್ದು: ಮನಸ್ಸು ನಿಲ್ಲುವುದಿಲ್ಲ, ಮೇಷ್ಟ್ರೂ ಜೊತೆಯವರೂ ದೂರ ಅನ್ನಿಸುತ್ತಾರೆ. ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ ನಲವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ ಡಿ ಶು, ಶಾನಾ ಜಾಗರ್ಸ್ 2014ರಲ್ಲಿ ಬರೆದದ್ದೂ ಇದೇ ದಿಕ್ಕಿನದು. ಅದು ಹೆಚ್ಚಾಗಿ ವಿಡಿಯೊ ಕರೆಯಿಲ್ಲದ ಕಾಲದ ಆನ್‌ಲೈನ್ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು. ಅಂತೂ ತಂತಿ ಪೂರ್ತಿ ಸರಿಯಿದ್ದರೂ ಏನೋ ಮೇಲೆ ಹತ್ತುವುದಿಲ್ಲ.

ಅದೇನು ಎಂಬುದಕ್ಕೆ ತುಂಡು ತುಂಡು ಉತ್ತರಗಳಿವೆ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಒಂದು ಅಧ್ಯಯನದ ಪ್ರಕಾರ ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸು. ಫೋನ್ ಮಾತಿಗೆ ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ತಡ ಅದನ್ನು ಮೀರಿತೆಂದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಇಬ್ಬರೂ 'ನೀವು ಹೇಳಿ' ಎಂದು ಸುಮ್ಮನಾಗುತ್ತಾರೆ. ಎರಡು ಸಲ ಹೀಗಾದರೆ ವಿದ್ಯಾರ್ಥಿ ಮೂರನೇ ಸಲ ಬಾಯಿ ತೆರೆಯುವುದಿಲ್ಲ. ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್ಸನ್ 2021ರಲ್ಲಿ ಝೂಮ್ ದಣಿವಿಗೆ ಕೊಟ್ಟ ಕಾರಣಗಳಲ್ಲಿ ನನಗೆ ನಾಟಿದ್ದು ಒಂದು: ದಿನವಿಡೀ ಎದುರಿಗೆ ತನ್ನದೇ ಮುಖ ನೋಡುತ್ತ ಮಾತಾಡುವುದು. ಕ್ಷೌರದಂಗಡಿಯ ಕನ್ನಡಿ ಮುಂದೆ ಕೂತು ಬೇಡಿಕೆಯ ನಿಯಮ ವಿವರಿಸಿದ ಹಾಗೆ.

ಕ್ಯಾಮೆರಾದ ವಿಷಯಕ್ಕೆ ಬಂದರೆ ನನ್ನಿಂದಲೇ ಒಂದು ತಪ್ಪಾಯಿತು. ಕಪ್ಪು ಚೌಕಗಳಿಗೆ ಪಾಠ ಹೇಳಿ ಬೇಸತ್ತು ಒಂದು ದಿನ 'ಎಲ್ಲರೂ ಕ್ಯಾಮೆರಾ ಹಾಕಿ' ಎಂದು ಗದರಿದೆ. ಐದಾರು ಮುಖ ಕಂಡವು. ಒಬ್ಬಳ ಹಿಂದೆ ತೊಟ್ಟಿಲು, ಅದನ್ನು ಕಾಲಲ್ಲಿ ತೂಗುತ್ತಿದ್ದಾಳೆ. ಒಬ್ಬ ಗ್ಯಾರೇಜಿನಲ್ಲಿದ್ದ, ಕೈಯೆಲ್ಲ ಗ್ರೀಸು. ಇಬ್ಬರು ಕರೆಯಿಂದಲೇ ಹೊರಗೆ ಹೋದರು, ಮತ್ತೆ ಆ ವಾರ ಬರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕ್ಯಾಮೆರಾ ಹಾಕದವರನ್ನು ಕೇಳಿದಾಗ ಮೊದಲ ಕಾರಣವಾಗಿ ಬಂದದ್ದು ತಾನು ಹೇಗೆ ಕಾಣುತ್ತೇನೋ ಎಂಬ ಅಳುಕು. ಹಿಂದಿನ ಗೋಡೆ, ಹಿಂದೆ ಓಡಾಡುವವರು ಕಾಣುತ್ತಾರಲ್ಲ ಎಂಬ ಸಂಕೋಚವೂ ಇತ್ತು. ಕಾಲೇಜಿನ ಬೆಂಚು ಎಲ್ಲರಿಗೂ ಒಂದೇ ಗೋಡೆ ಕೊಡುತ್ತದೆ. ಮನೆಯ ಗೋಡೆ ಹಾಗಲ್ಲ. ಅಂದಿನಿಂದ ಕ್ಯಾಮೆರಾ ಹಾಕೆಂದು ಯಾರನ್ನೂ ಕೇಳಿಲ್ಲ.

ಇನ್ನು ಲಾಭದ ಪಕ್ಕ. ನಿಜವಾದ ಲಾಭ ನನಗೆ ಸಿಕ್ಕಿದ್ದು ಯಾರೂ ಹೊಗಳದ ಮೂಲೆಯಲ್ಲಿ, ಚಾಟ್ ಪೆಟ್ಟಿಗೆಯಲ್ಲಿ. ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತು ಒಮ್ಮೆಯೂ ಬಾಯಿ ತೆರೆಯದ ಗುಂಡ್ಲುಪೇಟೆ ಕಡೆಯ ಹುಡುಗನೊಬ್ಬ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸಿದ: 'ಸರ್ ಬೆಲೆ ಇಳಿದ್ರೆ ಪೂರೈಕೆ ಇಳಿಯುತ್ತೆ ಅಂದ್ರಿ. ಟೊಮೆಟೊ ರೇಟ್ ಬಿದ್ದಾಗ ನಮ್ಮಪ್ಪ ಮುಂದಿನ ಬೆಳೆಗೆ ಇನ್ನೂ ಅರ್ಧ ಎಕರೆ ಜಾಸ್ತಿ ಹಾಕ್ತಾರೆ. ಯಾಕೆ?' ಪುಸ್ತಕದ ಪೂರೈಕೆ ರೇಖೆ ಅಲ್ಲೇ ನಿಂತಿತು. ನಾನು ಕೂತಿದ್ದ ಬಂಡೆಯ ಕೆಳಗೇ ಉತ್ತರವೂ ಇತ್ತು: ಹಸಿ ಎಲೆಯ ರೇಟು ಬಿದ್ದಾಗ ನಮ್ಮವರೂ ಹೆಚ್ಚು ಎಲೆ ಕೊಯ್ದು ಮಂಜೂರಿನ ಸಹಕಾರಿ ಫ್ಯಾಕ್ಟರಿಗೆ ಹಾಕುತ್ತಾರೆ. ಕಟ್ಟಬೇಕಾದ ಕಂತು ರೇಟು ನೋಡಿ ಇಳಿಯುವುದಿಲ್ಲವಲ್ಲ. ಆ ದಿನದ ಪಾಠ ಆ ಒಂದು ಸಾಲಿನ ಮೇಲೆ ನಡೆಯಿತು. ಅಕ್ಷರಕ್ಕೆ ಒಂದು ಕಡ್ಡಿ ಸಿಗ್ನಲ್ಲೂ ಸಾಕು. ದನಿ ಹತ್ತಲಾರದ ಬೆಟ್ಟವನ್ನು ಸಾಲು ಹತ್ತುತ್ತದೆ. ಜೊತೆಗೆ, ಎಲ್ಲರೆದುರು ಎದ್ದು ನಿಲ್ಲುವ ಭಯವೂ ಇಲ್ಲ.

ಇನ್ನೊಂದು ಲಾಭ ಸಣ್ಣ ಗುಂಪಿನದು. ಮುಂಬೈ, ಮದರಾಸು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗ, ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗ ಇಂಥವಕ್ಕೆ ಧಾರವಾಡದಿಂದ, ಮೈಸೂರಿನಿಂದ ವಿದ್ವಾಂಸರನ್ನು ಕರೆಸುವುದೆಂದರೆ ಪ್ರಯಾಣ ಭತ್ಯೆಯ ಕಡತ ಓಡಾಡಬೇಕು. ಹತ್ತು ಹನ್ನೆರಡು ಮಂದಿ ಒಂದೇ ಕೋಣೆಯಲ್ಲಿ ಕೂತು ಪರದೆಯ ಮೇಲಿನ ಒಬ್ಬರೊಡನೆ ಹಳಗನ್ನಡದ ಪದ್ಯ ಬಿಡಿಸುವುದು ಈ ತಂತ್ರಾಂಶಕ್ಕೆ ಒಗ್ಗುವ ಕೆಲಸ. ಹಾಡಿ ತೋರಿಸುವವರಿದ್ದರೆ ಮಾತ್ರ ಒಂದು ಎಚ್ಚರ: ಸದ್ದು ಸೋಸುವ ಸೌಲಭ್ಯ ಮನುಷ್ಯನ ಮಾತಲ್ಲದ್ದನ್ನೆಲ್ಲ ಗದ್ದಲವೆಂದು ತಿಳಿದು ಶ್ರುತಿಪೆಟ್ಟಿಗೆಯನ್ನು ನುಂಗುತ್ತದೆ, ಅದನ್ನು ಆಫ್ ಮಾಡಿ ಕೂರಬೇಕು. 2020ರ ಬೇಸಗೆಯಲ್ಲಿ ಮಳೆಗಾಲದ ಅಣಬೆಯಂತೆ ಎದ್ದ ವೆಬಿನಾರುಗಳ ಬಗ್ಗೆ ಬರೆಯುವುದಿಲ್ಲ. ಲಿಂಕ್ ಒತ್ತಿ, ಮ್ಯೂಟ್ ಮಾಡಿ, ಅನ್ನ ಮಾಡಿಕೊಂಡು, ಸಂಜೆ ಇ-ಸರ್ಟಿಫಿಕೇಟ್ ಇಳಿಸಿಕೊಂಡವರಲ್ಲಿ ನಾನೂ ಒಬ್ಬ. ಆನ್‌ಲೈನ್ ಪರೀಕ್ಷೆಯ ಕಥೆಯನ್ನೂ ಬಿಡುತ್ತೇನೆ. ಅದರಲ್ಲಿ ಭಾಗವಹಿಸಿದ ಎಲ್ಲರಿಗೂ ಎಲ್ಲವೂ ಗೊತ್ತು.

ಯುಜಿಸಿ 2020ರ ಏಪ್ರಿಲ್ 29ರಂದು ಪಾಠಪಟ್ಟಿಯ ಕಾಲು ಭಾಗ ಆನ್‌ಲೈನ್ ನಡೆಯಲಿ ಎಂದಿತು. 2021ರ ಮೇ ತಿಂಗಳಲ್ಲಿ ಬಂದ ಮಿಶ್ರ ಬೋಧನೆಯ ಟಿಪ್ಪಣಿ ಅದನ್ನು ಶೇ. 40ಕ್ಕೆ ಏರಿಸುವ ಮಾತಾಡಿತು. ಎಷ್ಟು ಭಾಗ ಎನ್ನುವ ಈ ಲೆಕ್ಕ ನನಗೆ ಹಿಡಿಸಿಲ್ಲ. ಯಾವ ಭಾಗ ಎಂದು ಯಾರೂ ಕೇಳುತ್ತಿಲ್ಲ. ಮೇಷ್ಟ್ರು ಒಂದು ಗಂಟೆ ಏಕಧಾರೆಯಾಗಿ ಮಾತಾಡುವುದೇ ಆದರೆ ಅದಕ್ಕೆ ನೇರ ಕರೆ ಬೇಡವೇ ಬೇಡ. ದನಿ ಮುದ್ರಿಸಿ ಕಳಿಸಿದರೆ ರಾತ್ರಿ ಸಿಗ್ನಲ್ ಇರುವಾಗ ಇಳಿಸಿಕೊಳ್ಳುತ್ತಾರೆ, ಎಲೆ ಕೊಯ್ಯುವಾಗ ಕಿವಿಗೆ ಸಿಕ್ಕಿಸಿಕೊಂಡು ಎರಡು ಸಲ ಕೇಳುತ್ತಾರೆ. ನೇರ ಕರೆಯನ್ನು ಕೇಳುವವರಿಗಾಗಿಯೇ ಇಡಬೇಕು. ಇಪ್ಪತ್ತು ಜನ ಮೀರಬಾರದು. ಪ್ರಶ್ನೆ ಅಕ್ಷರದಲ್ಲೂ ಬರಬಹುದು, ಮಾಮೂಲಿ ಫೋನ್ ಕರೆಯಲ್ಲೂ ಬರಬಹುದು. ಹಳೆಯ 2ಜಿ ಫೋನಿನ ದನಿ ಸೆಕೆಂಡಿಗೆ ಸುಮಾರು 12 ಕಿಲೋಬಿಟ್‌ನಲ್ಲೇ ಮುಗಿಯುತ್ತದೆ. 2020ರ ಜೂನ್ ಹೊತ್ತಿಗೆ ಬಂಡೆಯ ಮೇಲೆ ನಾನು ಮಾಡುತ್ತಿದ್ದದ್ದೂ ಅದನ್ನೇ: ಲಿಂಕ್ ಬಿಟ್ಟು ಐದೈದು ಜನಕ್ಕೆ ಕಾನ್ಫರೆನ್ಸ್ ಕಾಲ್. ರೇಖೆ ಬರೆದ ಹಾಳೆಯ ಫೋಟೊ ಹಿಂದಿನ ರಾತ್ರಿಯೇ ವಾಟ್ಸಾಪಿಗೆ. ನಮ್ಮ ಪ್ರಾಂಶುಪಾಲರಿಗೆ ಇದು ಒಪ್ಪಿಗೆಯಾಗಲಿಲ್ಲ. ಹಾಜರಿಯ ಸ್ಕ್ರೀನ್‌ಶಾಟ್ ಇಲ್ಲದ ಪಾಠ ಪಾಠವಲ್ಲ ಅಂದರು.

ತಮಿಳುನಾಡಿನಲ್ಲಿ ಕಾಲೇಜುಗಳು 2021ರ ಸೆಪ್ಟೆಂಬರ್ 1ರಂದು ಮತ್ತೆ ತೆರೆದವು. ಅಣ್ಣನ ಮಗಳು ಬೆಳಗಿನ ಬಸ್ಸು ಹಿಡಿದು ಊಟಿಗೆ ಹೋಗತೊಡಗಿದಳು. ನಾನು ಮೈಸೂರಿನಲ್ಲಿ ಚಾಕ್‌ಪೀಸಿಗೆ ಮರಳಿದೆ. ಶನಿವಾರ ಸಂಜೆ ಏಳರಿಂದ ಎಂಟು ಮಾತ್ರ ಲಿಂಕ್ ತೆರೆದಿಡುತ್ತೇನೆ, ಹಾಜರಿಯಿಲ್ಲ. ಕೆಲವು ಶನಿವಾರ ಒಬ್ಬರೂ ಬರುವುದಿಲ್ಲ, ಕನ್ನಡಿ ನೋಡಿಕೊಂಡು ಕೂತಿರುತ್ತೇನೆ. ಹೋದ ವಾರ ಹನೂರಿನ ಕಡೆಯ ಹುಡುಗಿಯೊಬ್ಬಳು ಏಳೂವರೆಗೆ ಬಂದಳು. ಅವರೂರಿನ ಸ್ವಸಹಾಯ ಸಂಘದಲ್ಲಿ ಬಡ್ಡಿ ತಿಂಗಳಿಗೆ ಶೇ. 2 ಎನ್ನುತ್ತಾರೆ, ಪಾಸ್‌ಬುಕ್ ಕೂಡಿದರೆ ಹೆಚ್ಚು ಬರುತ್ತದೆ, ಯಾಕೆ ಎಂದು ಕೇಳಿದಳು. ದನಿ ಎರಡು ಸಲ ಕಡಿಯಿತು. ಮೂರನೇ ಸಲ ಟೈಪ್ ಮಾಡಿ, ಪುಟದ ಫೋಟೊ ಕಳಿಸಿದಳು. ಕೂಡಿ ನೋಡಿದೆ, ನನಗೂ ಹೆಚ್ಚೇ ಬಂತು. ಸೋಮವಾರ ಪಾಸ್‌ಬುಕ್ಕೇ ತಗೊಂಡು ಬಾ ಅಂದಿದ್ದೇನೆ.